ತಿನ್ನದೆ ಉಳಿದ ಇಲಿ: ಸಾಕುಹಾವಿನ ಕೈಪಿಡಿಗಳೂ ಶ್ರಾವಕನ ವಿವೇಕವೂ

ಹಿಂಸೆಯು ಎಲ್ಲಿ ಆರಂಭವಾಗುತ್ತದೆ, ಎಲ್ಲಿಯವರೆಗೆ ಹಬ್ಬುತ್ತದೆ ಎಂಬ ಪ್ರಶ್ನೆಯನ್ನು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ವಿಚಾರಿಸಿದವರು ವಿರಳ. ಪ್ರಾಣಿಯ ಕೊರಳಿಗೆ ಕತ್ತಿಯಿಟ್ಟವನೊಬ್ಬನೇ ಹಿಂಸಕನೆಂಬುದನ್ನು ಅವರು ಒಪ್ಪಲಿಲ್ಲ. ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು ಎಂದು ಮೂರು ಬಗೆಯಾಗಿ ವಿಂಗಡಿಸಿ, ಈ ಮೂರನ್ನೂ ಮನೋವಾಕ್ಕಾಯಗಳ ತಕ್ಕಡಿಯಲ್ಲಿಟ್ಟು ತೂಗಿದರು. ಈ ತಕ್ಕಡಿ ಹಳೆಯ ಕಾಲದ ಬೇಟೆ, ಬಲಿ, ಕಟುಕತನಗಳಿಗೆ ಮಾತ್ರ ಸಲ್ಲುವಂಥದೆಂದು ತಿಳಿಯಬಾರದು. ಹೊಸ ಕಾಲದ ಹೊಸ ಹವ್ಯಾಸಗಳನ್ನೂ ಇದರಲ್ಲಿಟ್ಟು ನೋಡಬೇಕಾಗಿದೆ. ಮನೆಯಲ್ಲಿ ಹಾವನ್ನು ಸಾಕುವುದು ಅಂತಹ ಒಂದು ಹವ್ಯಾಸ.

ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಈ ಹವ್ಯಾಸ ಬಹುಕಾಲದಿಂದ ಬೇರೂರಿದೆ. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಪಶ್ಚಿಮ ಆಫ್ರಿಕದ ಘಾನ, ಟೋಗೋ, ಬೆನಿನ್ ನಾಡುಗಳಿಂದ ಹೊರಟ ಬಾಲ್ ಪೈಥಾನ್ ಇವು ಅಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಹಾವುಗಳು. ಇವುಗಳಿಗೆ ವಿಷವಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಇರುತ್ತವೆ, ಬೆಕ್ಕು ನಾಯಿಗಳಂತೆ ಕೂದಲುದುರಿಸುವುದಿಲ್ಲ. ಆ ದೇಶಗಳಲ್ಲಿ ನೆಲೆಸಿರುವ ಜೈನ ಕುಟುಂಬಗಳ ಮಕ್ಕಳು ಸಹಪಾಠಿಗಳ ಮನೆಯಲ್ಲಿ ಇವನ್ನು ಕಂಡು, ತಮಗೂ ಬೇಕೆಂದು ಹಟ ಹಿಡಿದರೆ ಅಚ್ಚರಿಪಡಬೇಕಾದುದಿಲ್ಲ. ಭಾರತದ ದೊಡ್ಡ ನಗರಗಳಿಗೂ ಈ ಗಾಳಿ ಬೀಸಿದೆ.

ಹಾವು ಸಾಕುವವರಿಗಾಗಿ ಒಂದು ಬಗೆಯ ಸಾಹಿತ್ಯವೇ ಬೆಳೆದಿದೆ. ಪಶುವೈದ್ಯರ ಕರಪತ್ರಗಳು, ಮಾರಾಟಗಾರರ ಸೂಚನಾಪತ್ರಗಳು, ಹವ್ಯಾಸಿಗಳ ಕೈಪಿಡಿಗಳು ಇದರಲ್ಲಿ ಸೇರುತ್ತವೆ. ಪೆಟ್ಟಿಗೆಯ ಉಷ್ಣತೆ, ನೀರಿನ ಬಟ್ಟಲು, ಪೊರೆ ಕಳಚುವ ಲಕ್ಷಣ ಮುಂತಾದ ವಿಷಯಗಳ ನಡುವೆ ಇವುಗಳಲ್ಲಿ ತಪ್ಪದೆ ಬರುವ ಒಂದು ಸಣ್ಣ ಪ್ರಕರಣವುಂಟು. ಕೊಂದು, ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ ಹಾವಿನ ಮುಂದಿಟ್ಟ ಇಲಿಯನ್ನು ಅದು ತಿನ್ನದೆ ಬಿಟ್ಟರೆ ಏನು ಮಾಡಬೇಕು ಎಂಬುದೇ ಆ ಪ್ರಕರಣ. ಹೆಚ್ಚಿನ ಕೈಪಿಡಿಗಳಲ್ಲಿ ಇದು ನಾಲ್ಕೈದು ವಾಕ್ಯಗಳಲ್ಲಿ ಮುಗಿಯುತ್ತದೆ. ಆದರೆ ಇಡೀ ಹವ್ಯಾಸದ ನೈತಿಕ ಭಾರವೆಲ್ಲ ಈ ನಾಲ್ಕೈದು ವಾಕ್ಯಗಳ ಮೇಲೆ ಬಿದ್ದಿರುವುದರಿಂದ ಇವನ್ನು ನಿಧಾನವಾಗಿ ಪರಾಮರ್ಶಿಸುವುದು ಉಚಿತ.

ಕೈಪಿಡಿಗಳು ಹೇಳುವುದೇನು?

ಮೊದಲು ಅವು ವಿಧಿಸುವ ಕ್ರಮವನ್ನು ಯಥಾವತ್ತಾಗಿ ತಿಳಿಯಬೇಕು. ಹಾವಿನ ದೇಹದ ಅತಿ ದಪ್ಪ ಭಾಗಕ್ಕೆ ಸಮನಾದ ಗಾತ್ರದ ಇಲಿಯನ್ನು ಆರಿಸಬೇಕು. ಅದನ್ನು ಫ್ರೀಜರಿನಿಂದ ತೆಗೆದು, ಸಾವಕಾಶವಾಗಿ ತಣ್ಪಿನಲ್ಲಿಯೇ ಕರಗಲು ಬಿಟ್ಟು, ಅನಂತರ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು, ಜೀವಂತ ಇಲಿಯ ಮೈಶಾಖಕ್ಕೆ ತರಬೇಕು. ಮೈಕ್ರೋವೇವ್ ಒಲೆಯಲ್ಲಿಡಬಾರದು, ಒಳಭಾಗ ಬೆಂದು ದೇಹ ಒಡೆಯುವ ಸಂಭವವುಂಟು. ಉದ್ದನೆಯ ಇಕ್ಕಳದಿಂದ ಹಿಡಿದು ಹಾವಿನ ಮುಂದೆ ಮೆಲ್ಲಗೆ ಅಲುಗಿಸಬೇಕು. ಹಾವು ಹಿಡಿಯದಿದ್ದರೆ ಪೆಟ್ಟಿಗೆಯಲ್ಲಿಟ್ಟು ಕತ್ತಲು ಮಾಡಿ ಬಿಡಬಹುದು. ಕೆಲವರು ಕೆಲವು ಗಂಟೆಗಳ ಗಡುವನ್ನು ಹೇಳಿದರೆ ಕೆಲವರು ಒಂದು ರಾತ್ರಿಯ ಗಡುವನ್ನು ಹೇಳುತ್ತಾರೆ. ಅಷ್ಟರಲ್ಲಿ ತಿನ್ನದಿದ್ದರೆ ತೆಗೆದು ಎಸೆಯಬೇಕು. ಮತ್ತೆ ಹೆಪ್ಪುಗಟ್ಟಿಸಿ ಇನ್ನೊಂದು ದಿನಕ್ಕೆ ಇಡಬಾರದು.

ಈ ಸೂಚನೆಗಳಿಗೆ ಆಧಾರವಾದ ಕಾರಣಗಳು ಸತ್ಯವಾದುವೇ. ಸತ್ತ ದೇಹ ಬೆಚ್ಚಗಾದೊಡನೆ ಅದರಲ್ಲಿ ಸೂಕ್ಷ್ಮಾಣುಗಳು ವೇಗವಾಗಿ ವೃದ್ಧಿಸುತ್ತವೆ. ಶೈತ್ಯವು ಅವುಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆಯೇ ಹೊರತು ಅವನ್ನು ನಿರ್ಮೂಲ ಮಾಡುವುದಿಲ್ಲ. ೨೦೧೦ರಲ್ಲಿಯೂ ೨೦೧೪ರಲ್ಲಿಯೂ ಅಮೆರಿಕದ ಹಲವು ರಾಜ್ಯಗಳಲ್ಲಿ ಕಾಣಿಸಿಕೊಂಡ ಸಾಲ್ಮೊನೆಲ್ಲ ಸೋಂಕಿನ ಮೂಲವನ್ನು ಹುಡುಕಿದಾಗ, ಅದು ಸರೀಸೃಪಗಳ ಆಹಾರವಾಗಿ ಮಾರಾಟವಾಗುತ್ತಿದ್ದ ಹೆಪ್ಪುಗಟ್ಟಿಸಿದ ಇಲಿಗಳಲ್ಲಿ ಪತ್ತೆಯಾಯಿತು. ಬ್ರಿಟನ್ನಿನಲ್ಲಿಯೂ ಇಂತಹ ಪ್ರಕರಣಗಳು ವರದಿಯಾಗಿವೆ. ರೋಗಪೀಡಿತರಲ್ಲಿ ಮಕ್ಕಳೂ ಇದ್ದರು. ಆದಕಾರಣವೇ ಅಲ್ಲಿನ ಆರೋಗ್ಯಾಧಿಕಾರಿಗಳು ಇಲಿಯನ್ನು ಅಡಿಗೆಮನೆಯಲ್ಲಿ ಕರಗಿಸಬಾರದು, ಮನುಷ್ಯರ ಆಹಾರದ ಹತ್ತಿರ ಇಡಬಾರದು, ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯಬೇಕು ಎಂದು ಮತ್ತೆ ಮತ್ತೆ ಎಚ್ಚರಿಸಿದರು. ಆದರೂ ಮನೆಯ ಫ್ರಿಜ್ಜಿನಲ್ಲಿಯೇ ಕರಗಿಸಲು ಹೇಳುವ ಕೈಪಿಡಿಗಳು ಇನ್ನೂ ಉಂಟು. ಹಾಲು, ಮೊಸರು, ದೇವರ ನೈವೇದ್ಯಕ್ಕೆ ತೆಗೆದಿಟ್ಟ ಹಣ್ಣು ಇರುವ ಪೆಟ್ಟಿಗೆಯಲ್ಲಿಯೇ ಇಲಿಯ ಶವವನ್ನಿಡುವ ಈ ಸೂಚನೆಯು ಆಚಾರದ ದೃಷ್ಟಿಯಿಂದ ಮಾತ್ರವಲ್ಲದೆ ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಅಗ್ರಾಹ್ಯ.

ಕೈಪಿಡಿಕಾರರ ಪರವಾಗಿ ಇನ್ನೊಂದು ಮಾತನ್ನು ಹೇಳಲೇಬೇಕು. ಜೀವಂತ ಇಲಿಯನ್ನು ಹಾವಿನ ಪೆಟ್ಟಿಗೆಗೆ ಬಿಡುವ ಹಳೆಯ ಪದ್ಧತಿಯನ್ನು ಅವರಲ್ಲಿ ಹೆಚ್ಚಿನವರು ನಿರುತ್ಸಾಹಗೊಳಿಸುತ್ತಾರೆ. ತಪ್ಪಿಸಿಕೊಳ್ಳಲು ಎಡೆಯಿಲ್ಲದ ಇಕ್ಕಟ್ಟಿನಲ್ಲಿ ಇಲಿಯು ಪಡುವ ಭೀತಿ ಒಂದು ಕಡೆ; ಹಸಿವಿಲ್ಲದ ಹಾವನ್ನು ಅದೇ ಇಲಿ ಕಚ್ಚಿ ಗಾಯಗೊಳಿಸುವ ಅಪಾಯ ಇನ್ನೊಂದು ಕಡೆ. ಇವೆರಡನ್ನೂ ತಪ್ಪಿಸಲೆಂದೇ ಮೊದಲೇ ಕೊಂದ ಇಲಿಯನ್ನು ಕೊಡುವ ಕ್ರಮ ಬಳಕೆಗೆ ಬಂದಿದೆ. ಇದರ ಹಿಂದೆ ಕರುಣೆಯ ಒಂದು ಅಂಶವಿದೆ ಎಂಬುದನ್ನು ಅಲ್ಲಗಳೆಯುವುದು ಅನ್ಯಾಯವಾದೀತು.

ಮಾತಿನ ಮರೆ

ಹೀಗೆ ಕೈಪಿಡಿಗಳ ಸೂಚನೆಗಳು ಬಹುಮಟ್ಟಿಗೆ ಸರಿಯಾಗಿದ್ದರೂ ಅವುಗಳ ಭಾಷೆ ವಿಮರ್ಶೆಗೆ ಅರ್ಹವಾದುದು. ಆ ಭಾಷೆಯಲ್ಲಿ ಇಲಿಗೆ ಇಲಿಯೆಂಬ ಹೆಸರು ಅಪರೂಪ. ಅದು ‘ಫೀಡರ್’, ಇಲ್ಲವೇ ‘ಪ್ರೇ ಐಟಮ್’. ಕಣ್ಣು ತೆರೆಯದ, ಮೈಮೇಲೆ ರೋಮವೂ ಮೂಡದ ಹಸುಳೆಗೆ ‘ಪಿಂಕಿ’ ಎಂಬ ಮುದ್ದಿನ ಹೆಸರು. ತುಸು ರೋಮ ಮೂಡಿದುದಕ್ಕೆ ‘ಫಜ್ಜಿ’. ನೆಗೆಯಲು ಕಲಿತುದಕ್ಕೆ ‘ಹಾಪರ್’. ಜೀವಿಯೊಂದರ ಶೈಶವ, ಬಾಲ್ಯಗಳು ಇಲ್ಲಿ ಸರಕಿನ ಅಳತೆಗಳಾಗಿಬಿಟ್ಟಿವೆ. ಅಂಗಡಿಯವನು ಅಕ್ಕಿಯನ್ನು ಸಣ್ಣದು, ದಪ್ಪದು ಎಂದು ಬೇರ್ಪಡಿಸುವಂತೆ ಇಲ್ಲಿ ವಯಸ್ಸನ್ನು ಬೇರ್ಪಡಿಸಿ ಬೆಲೆ ಕಟ್ಟಲಾಗುತ್ತದೆ. ಕೊನೆಗೆ ಹಾವು ತಿನ್ನದೆ ಬಿಟ್ಟ ಇಲಿಗೆ ಸಲ್ಲುವ ಹೆಸರು ‘ವೇಸ್ಟ್’.

ಜೈನ ದರ್ಶನದ ವರ್ಗೀಕರಣದಲ್ಲಿ ಇಲಿಯ ಸ್ಥಾನ ಯಾವುದು? ಅದು ಗರ್ಭಜ, ಪಂಚೇಂದ್ರಿಯ, ಮನಸ್ಸುಳ್ಳ ಸಂಜ್ಞಿ ತಿರ್ಯಂಚ. ಶ್ರಾವಕನು ನೀರನ್ನು ಸೋಸಿ ಕುಡಿಯುವುದು ಕಣ್ಣಿಗೆ ಕಾಣದ ಜೀವಿಗಳ ಮೇಲಿನ ದಯೆಯಿಂದ. ಕಂದಮೂಲಗಳನ್ನು ತ್ಯಜಿಸುವುದು ಅನಂತಕಾಯ ಜೀವಗಳ ಮೇಲಿನ ದಯೆಯಿಂದ. ಇಷ್ಟು ಕೆಳಗಿನ ಮೆಟ್ಟಿಲಲ್ಲಿರುವ ಜೀವಗಳಿಗೆ ಮರುಗುವವನ ಮನೆಯಲ್ಲಿ ಪಂಚೇಂದ್ರಿಯ ಜೀವವೊಂದು ‘ವೇಸ್ಟ್’ ಎಂಬ ಶಬ್ದದಿಂದ ಕರೆಯಲ್ಪಡುವುದಾದರೆ ಆ ಮನೆಯ ನೀರಿನ ಸೋಸುಬಟ್ಟೆಗೆ ಅರ್ಥವೇನು ಉಳಿಯಿತು?

ಆ ಇಲಿ ಸತ್ತ ಬಗೆಯನ್ನೂ ಕೈಪಿಡಿಗಳು ‘ಮಾನವೀಯ’ ಎಂಬ ಒಂದೇ ವಿಶೇಷಣದಲ್ಲಿ ಮುಗಿಸುತ್ತವೆ. ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ವಾಣಿಜ್ಯದ ಸಾಕಣೆಯಲ್ಲಿ ಇಲಿಗಳನ್ನು ಕೊಲ್ಲಲು ಸಾಮಾನ್ಯವಾಗಿ ಬಳಸುವುದು ಇಂಗಾಲದ ಡೈಆಕ್ಸೈಡ್ ಅನಿಲವನ್ನು. ಅಮೆರಿಕದ ಪಶುವೈದ್ಯರ ಸಂಘವು ೨೦೨೦ರಲ್ಲಿ ಪ್ರಕಟಿಸಿದ ದಯಾಮರಣದ ಮಾರ್ಗಸೂಚಿಯು, ಅನಿಲವನ್ನು ಪೆಟ್ಟಿಗೆಯ ಗಾತ್ರದ ಶೇಕಡಾ ೩೦ರಿಂದ ೭೦ರಷ್ಟು ಪ್ರಮಾಣದಲ್ಲಿ ನಿಮಿಷ ನಿಮಿಷಕ್ಕೆ ಕ್ರಮವಾಗಿ ತುಂಬಬೇಕೆಂದು ವಿಧಿಸುತ್ತದೆ. ಒಮ್ಮೆಲೇ ತುಂಬಿದರೆ ಯಾತನೆ ಹೆಚ್ಚು ಎಂಬುದೇ ಇದಕ್ಕೆ ಕಾರಣ. ಈ ಅನಿಲವು ಇಲಿಗಳಿಗೆ ಅಸಹ್ಯವಾದುದು, ಅವಕಾಶವಿದ್ದರೆ ಅವು ಅದರಿಂದ ದೂರ ಓಡುತ್ತವೆ ಎಂಬುದು ಪ್ರಯೋಗಗಳಿಂದ ತಿಳಿದಿದೆ. ಆಗತಾನೆ ಹುಟ್ಟಿದ ಮರಿಗಳು ಪ್ರಾಣವಾಯುವಿನ ಅಭಾವವನ್ನು ಬೆಳೆದ ಇಲಿಗಳಿಗಿಂತ ಬಹಳ ಹೆಚ್ಚು ಹೊತ್ತು ತಾಳುವುದರಿಂದ ಅವುಗಳ ಸಾವು ಇನ್ನೂ ದೀರ್ಘವಾದುದು. ‘ಪಿಂಕಿ’ ಎಂಬ ಮುದ್ದಿನ ಹೆಸರಿನ ಹಿಂದಿರುವ ಸತ್ಯ ಇದು.

‘ಮೊದಲೇ ಸತ್ತಿತ್ತು’ ಎಂಬ ಸಮಾಧಾನ

ಹಾವು ಸಾಕುವವರು ಕೊಡುವ ಪ್ರಮುಖ ಸಮಾಧಾನವೊಂದಿದೆ. ಇಲಿಯನ್ನು ಕೊಂದವರು ತಾವಲ್ಲ. ಅದು ಅಂಗಡಿಗೆ ಬರುವಾಗಲೇ ಸತ್ತಿತ್ತು. ತಾವು ಕೊಳ್ಳದಿದ್ದರೂ ಅದು ಬದುಕುತ್ತಿರಲಿಲ್ಲ. ಈ ವಾದ ಹೊಸದೆಂದು ತೋರಿದರೂ ಇದಕ್ಕೆ ಉತ್ತರ ಹಳೆಯದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಾನಾಗಿಯೇ ಸತ್ತ ಎಮ್ಮೆ, ಎತ್ತುಗಳ ಮಾಂಸದ ಪ್ರಶ್ನೆಯನ್ನೆತ್ತಿಕೊಂಡು, ಅಲ್ಲಿಯೂ ಹಿಂಸೆ ತಪ್ಪದೆಂದು ನಿರ್ಣಯಿಸಿದ್ದಾರೆ. ಹಸಿಯಾಗಿರಲಿ, ಬೆಂದಿರಲಿ, ಬೇಯುತ್ತಿರಲಿ, ಮಾಂಸದಲ್ಲಿ ಅದೇ ಜಾತಿಯ ನಿಗೋದ ಜೀವಗಳು ನಿರಂತರವಾಗಿ ಉತ್ಪನ್ನವಾಗುತ್ತಿರುತ್ತವೆ; ಅದನ್ನು ಮುಟ್ಟುವವನೂ ಆ ಜೀವರಾಶಿಯ ಘಾತಕ್ಕೆ ಹೊಣೆಯಾಗುತ್ತಾನೆ ಎಂಬುದು ಅವರ ಅಭಿಪ್ರಾಯ. ತಾನಾಗಿ ಸತ್ತ ಪ್ರಾಣಿಯ ವಿಷಯದಲ್ಲಿಯೇ ಹೀಗಿರುವಾಗ, ಮಾರಲೆಂದೇ ಹುಟ್ಟಿಸಿ ಮಾರಲೆಂದೇ ಕೊಂದ ಪ್ರಾಣಿಯ ವಿಷಯದಲ್ಲಿ ಹೇಳುವುದೇನಿದೆ?

ಅದೇ ಗ್ರಂಥದಲ್ಲಿ ಹಿಂಸೆ ಮತ್ತು ಅದರ ಫಲಗಳ ಸಂಬಂಧವನ್ನು ವಿವರಿಸುವಾಗ, ಒಬ್ಬನು ಮಾಡಿದ ಹಿಂಸೆಯ ಫಲವನ್ನು ಅನೇಕರು ಅನುಭವಿಸುವುದುಂಟು ಎಂಬ ಮಾತು ಬರುತ್ತದೆ. ಇಂದಿನ ಮಾರುಕಟ್ಟೆಗೆ ಈ ಮಾತು ಬಹಳ ಚೆನ್ನಾಗಿ ಅನ್ವಯಿಸುತ್ತದೆ. ಅನಿಲದ ಕೊಳವೆಯನ್ನು ತಿರುಗಿಸುವ ಕೈ ಒಂದೇ. ಆ ಕೈಗೆ ಕೂಲಿ ಕೊಡುವವರು ಸಾವಿರಾರು ಮನೆಗಳವರು. ಇಲಿಯ ಗರ್ಭಾವಧಿ ಸುಮಾರು ಮೂರು ವಾರ. ಇಂದು ಮಾರಾಟವಾದ ಒಂದು ಪೊಟ್ಟಣದ ಜಾಗವನ್ನು ತುಂಬಲು ಮತ್ತೊಂದು ಸೂಲು ಅಷ್ಟರಲ್ಲಿಯೇ ಸಿದ್ಧವಾಗುತ್ತದೆ. ಹೀಗಾಗಿ ಕೊಳ್ಳುವವನು ಸತ್ತ ಇಲಿಯನ್ನು ಕೊಳ್ಳುತ್ತಿದ್ದಾನೆ ಎನ್ನುವುದಕ್ಕಿಂತ, ಮುಂದೆ ಹುಟ್ಟಿ ಸಾಯಬೇಕಾದ ಇಲಿಗೆ ಮುಂಗಡ ಕೊಡುತ್ತಿದ್ದಾನೆ ಎನ್ನುವುದು ಹೆಚ್ಚು ನಿಜ. ಕಾರಿತ, ಅನುಮೋದಿತಗಳೆಂಬ ಶಬ್ದಗಳ ಅರ್ಥ ಇಲ್ಲಿ ಕೈಗೆ ಸಿಗುವಷ್ಟು ಸ್ಪಷ್ಟವಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ವಿಷಯದ ಗಾತ್ರ ತಿಳಿಯುತ್ತದೆ. ಬಾಲ್ ಪೈಥಾನ್ ಒಳ್ಳೆಯ ಆರೈಕೆಯಲ್ಲಿ ೨೦ ವರ್ಷಕ್ಕೂ ಮಿಕ್ಕಿ ಬದುಕುತ್ತದೆ. ಹದಿನೈದು ದಿನಕ್ಕೊಂದು ಇಲಿಯಂತೆ ಹಿಡಿದರೂ ವರ್ಷಕ್ಕೆ ೨೬. ೨೦ ವರ್ಷಕ್ಕೆ ೫೨೦. ಮಗುವಿನ ಹುಟ್ಟುಹಬ್ಬಕ್ಕೆಂದು ತಂದ ಒಂದು ಹಾವಿನ ಬೆನ್ನಹಿಂದೆ ಐನೂರು ಪಂಚೇಂದ್ರಿಯ ಜೀವಗಳ ಸಾಲು ನಿಂತಿರುತ್ತದೆ.

ಯಶೋಧರ ಚರಿತೆಯನ್ನು ಬಲ್ಲ ಕನ್ನಡ ಜೈನರಿಗೆ ಇಲ್ಲಿ ಒಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ಜನ್ನನು ೧೨೦೯ರಲ್ಲಿ ರಚಿಸಿದ ಆ ಕಾವ್ಯದಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಯಲ್ಲಿ ತೊಳಲುತ್ತಾರೆ. ಆ ಜನ್ಮಗಳಲ್ಲಿ ಹಾವಿನ ಜನ್ಮವೂ ಒಂದು. ಹಿಟ್ಟಿನ ಕೋಳಿಯಲ್ಲಿ ಜೀವವಿರಲಿಲ್ಲ, ಆದರೆ ಕೊಲ್ಲುವ ಸಂಕಲ್ಪವಿತ್ತು. ಫ್ರೀಜರಿನ ಇಲಿಯ ವಿಷಯದಲ್ಲಿ ಸಾಕುವವನು ತನಗೆ ಸಂಕಲ್ಪವಿಲ್ಲವೆನ್ನುತ್ತಾನೆ, ಆದರೆ ಅಲ್ಲಿ ಜೀವವಿತ್ತು. ಅಷ್ಟೇ ಅಲ್ಲ, ಸತ್ತ ಇಲಿಯನ್ನು ಬಿಸಿಮಾಡಿ, ಇಕ್ಕಳದಲ್ಲಿ ಹಿಡಿದು, ಜೀವಂತವೆಂಬ ಭ್ರಮೆ ಹುಟ್ಟುವಂತೆ ಕುಣಿಸುವಾಗ ಆ ಕೈ ಬೇಟೆಯ ಅಭಿನಯವನ್ನೇ ಮಾಡುತ್ತಿರುತ್ತದೆ. ಮಕ್ಕಳು ಸುತ್ತ ನಿಂತು ಅದನ್ನು ನೋಡಿ ಉಲ್ಲಾಸಪಡುವ ಮನೆಗಳಲ್ಲಿ ದ್ರವ್ಯಹಿಂಸೆಗೆ ಭಾವಹಿಂಸೆಯೂ ಕೂಡಿಕೊಳ್ಳುತ್ತದೆ.

ಹಾವಿನ ತಪ್ಪಲ್ಲ

ಇಷ್ಟು ಹೇಳಿದ ಮೇಲೆ ಹಾವಿನ ಮೇಲೆ ದ್ವೇಷ ಹುಟ್ಟಬಾರದು. ಹಾವು ತನ್ನ ಪ್ರಕೃತಿಯಿಂದಲೇ ಮಾಂಸಾಹಾರಿ. ಲೋಕದ ಯಾವ ಜಾತಿಯ ಹಾವೂ ಸಸ್ಯವನ್ನು ತಿಂದು ಬದುಕುವುದಿಲ್ಲ. ಆಫ್ರಿಕದಲ್ಲಿ ಹಕ್ಕಿಯ ಮೊಟ್ಟೆಯನ್ನಷ್ಟೇ ತಿನ್ನುವ ಹಾವುಗಳಿವೆ. ಅವನ್ನು ಸಾಕಿದರೆ ದೋಷವಿಲ್ಲವೆನ್ನುವವರೂ ಉಂಟು. ಮೊಟ್ಟೆಯನ್ನು ಮನೆಯೊಳಗೆ ತರದ ಕುಟುಂಬಕ್ಕೆ ಅದು ಪರಿಹಾರವಾಗಲಾರದು. ಮಾಂಸವನ್ನು ಅರೆದು ಸಾಸೇಜಿನಂತೆ ತುಂಬಿದ ಹಾವಿನ ಆಹಾರವೂ ಮಾರುಕಟ್ಟೆಯಲ್ಲಿದೆ. ಇಲಿಯ ಆಕಾರ ಮರೆಯಾಗುವುದರಿಂದ ನೋಡುವವರ ಮನಸ್ಸಿಗೆ ಹಗುರವೆನಿಸಬಹುದು, ಹಿಂಸೆ ಹಗುರವಾಗುವುದಿಲ್ಲ. ನಾಗರಪಂಚಮಿಯ ರೂಢಿಯನ್ನು ನೆನೆದು ಹಾಲೆರೆದು ಸಾಕಬಹುದೆಂಬ ಭ್ರಾಂತಿಯನ್ನಂತೂ ಬಿಡಬೇಕು. ಹಾಲು ಹಾವಿನ ಆಹಾರವಲ್ಲ. ಬಾಯಾರಿದ ಹಾವು ಗತಿಯಿಲ್ಲದೆ ಕುಡಿದರೆ ಅದಕ್ಕೆ ಕೇಡೇ ಆಗುತ್ತದೆ.

ಕಾಡಿನಲ್ಲಿಯೂ ಹಾವು ಇಲಿಯನ್ನು ತಿನ್ನುವುದಿಲ್ಲವೇ ಎಂದು ಕೇಳಬಹುದು. ತಿನ್ನುತ್ತದೆ. ಆದರೆ ಅಲ್ಲಿ ಇಲಿಗೆ ಓಡುವ ಅವಕಾಶವಿದೆ, ಹಾವಿಗೆ ಉಪವಾಸ ಬೀಳುವ ಸಂಭವವಿದೆ, ಎರಡೂ ತಮ್ಮ ತಮ್ಮ ಕರ್ಮಾನುಸಾರ ಬದುಕುತ್ತವೆ. ಅವುಗಳ ನಡುವೆ ಮನುಷ್ಯನಿಲ್ಲ. ಗಾಜಿನ ಪೆಟ್ಟಿಗೆಯನ್ನು ತಂದೊಡನೆ ಮನುಷ್ಯನು ನಡುವೆ ಬರುತ್ತಾನೆ ಮತ್ತು ಎರಡು ಕಡೆಯ ಬಾಗಿಲುಗಳನ್ನೂ ತಾನೇ ಮುಚ್ಚಿಕೊಳ್ಳುತ್ತಾನೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಮೊದಲನೆಯದಾಗಿ ಬಂಧನವೂ ಕೊನೆಯದಾಗಿ ಅನ್ನಪಾನಗಳನ್ನು ತಡೆಯುವುದೂ ಬಂದಿವೆ. ಹಾವನ್ನು ಪೆಟ್ಟಿಗೆಯಲ್ಲಿಟ್ಟರೆ ಬಂಧನದ ದೋಷ. ಅದಕ್ಕೆ ಇಲಿ ಕೊಡದಿದ್ದರೆ ಅನ್ನಪಾನ ನಿರೋಧದ ದೋಷ. ಕೊಟ್ಟರೆ ಇಲಿಯ ವಧೆಯನ್ನು ಮಾಡಿಸಿದ ದೋಷ. ಯಾವ ಕಡೆ ತಿರುಗಿದರೂ ವ್ರತಭಂಗವೇ. ಆದುದರಿಂದ ದೋಷದ ಮೂಲ ಆಹಾರದಲ್ಲಿಲ್ಲ, ಸಾಕುವ ನಿರ್ಧಾರದಲ್ಲಿಯೇ ಇದೆ. ಪೂರ್ವಾಚಾರ್ಯರಿಗೆ ಇದು ತಿಳಿದಿತ್ತು. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದೊಳಗೆ, ಅಂದರೆ ಪ್ರಯೋಜನವಿಲ್ಲದ ಪಾಪದೊಳಗೆ ಸೇರಿಸಿದೆ. ಹೊಲ ಉಳುವವನ ಆರಂಭೀ ಹಿಂಸೆಗಾದರೂ ಹೊಟ್ಟೆಪಾಡಿನ ಕಾರಣವುಂಟು. ನೋಡಿ ನಲಿಯಲು ಸಾಕಿದ ಹಾವಿಗೆ ಆ ಕಾರಣವೂ ಇಲ್ಲ.

ತಿನ್ನದೆ ಉಳಿದ ಇಲಿಯ ಮಹತ್ವ ಈಗ ಸ್ಪಷ್ಟವಾಗುತ್ತದೆ. ಹಾವು ತಿಂದ ಇಲಿಯ ಸಾವಿಗೆ ಒಂದು ಜೀವದ ಪೋಷಣೆಯ ನೆಪವಾದರೂ ಇದೆ. ತಿನ್ನದೆ ಉಳಿದ ಇಲಿಯ ಸಾವಿಗೆ ಆ ನೆಪವೂ ಇಲ್ಲ. ಕೈಪಿಡಿಗಳು ಅದನ್ನು ನೈರ್ಮಲ್ಯದ ತೊಡಕೆಂದು ನೋಡಿ ಮುಂದೆ ಸಾಗುತ್ತವೆ. ಸಾಕುವವನಿಗೆ ಅದು ಬೆಲೆ ತೆತ್ತ ಸರಕಿನ ನಷ್ಟ. ಆದರೆ ಅನರ್ಥದಂಡ ಎಂಬ ಶಬ್ದಕ್ಕೆ ಇದಕ್ಕಿಂತ ಯಥಾರ್ಥವಾದ ಉದಾಹರಣೆ ಸಿಗುವುದು ಕಷ್ಟ.

ಈಗಾಗಲೇ ಮನೆಯಲ್ಲಿರುವ ಹಾವು

ಕೆಲವು ಕುಟುಂಬಗಳಲ್ಲಿ ಹಾವು ಈಗಾಗಲೇ ಇದ್ದೀತು. ಪರದೇಶದ ಹಾವನ್ನು ಬಯಲಿಗೆ ಬಿಡುವುದು ಪರಿಹಾರವಲ್ಲ. ಒಂದೋ ಅದು ಸಾಯುತ್ತದೆ, ಇಲ್ಲವೇ ಅಲ್ಲಿನ ಜೀವಿಗಳಿಗೆ ಮಾರಕವಾಗುತ್ತದೆ. ಫ್ಲಾರಿಡದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮಾದ ಹೆಬ್ಬಾವುಗಳು ನೆಲೆಯೂರಿ ಅಲ್ಲಿನ ಸಣ್ಣ ಪ್ರಾಣಿಗಳನ್ನು ಬರಿದುಮಾಡಿದುದು ಇದಕ್ಕೆ ನಿದರ್ಶನ. ಹಸಿವಿನಿಂದ ಕೊಲ್ಲುವುದೂ ಸಲ್ಲದು. ಯೋಗ್ಯವಾದ ಪಾಲನಾ ಕೇಂದ್ರಕ್ಕೆ ಒಪ್ಪಿಸುವುದು ಮೊದಲ ಮಾರ್ಗ. ಅದು ಸಾಧ್ಯವಾಗುವವರೆಗೆ, ಅಥವಾ ಸಾಧ್ಯವೇ ಆಗದಿದ್ದರೆ, ಯತ್ನಾಚಾರವೊಂದೇ ಗತಿ. ಜೀವಿ ಸಾಯಲಿ ಬಿಡಲಿ, ಯತ್ನವಿಲ್ಲದವನಿಗೆ ಹಿಂಸೆ ನಿಶ್ಚಿತ ಎಂಬ ಕುಂದಕುಂದಾಚಾರ್ಯರ ಪ್ರವಚನಸಾರದ ಬೋಧೆ ಇಲ್ಲಿ ದಾರಿದೀಪವಾಗಬೇಕು.

ಆ ಯತ್ನದ ಮೊದಲ ಗುರಿ, ಒಂದು ಇಲಿಯೂ ವ್ಯರ್ಥವಾಗದಂತೆ ನೋಡಿಕೊಳ್ಳುವುದು. ಹಾವು ತಿನ್ನದಿರುವುದಕ್ಕೆ ಕಾರಣಗಳಿವೆ ಮತ್ತು ಅವುಗಳಲ್ಲಿ ಹೆಚ್ಚಿನವು ಮೊದಲೇ ತಿಳಿಯುವಂಥವು. ಕಣ್ಣಿನ ಮೇಲೆ ಹಾಲಿನಂತಹ ಪೊರೆ ಕವಿದಿದ್ದರೆ ಅದು ಪೊರೆ ಕಳಚುವ ಕಾಲ, ಆಗ ಕೊಡಬಾರದು. ಪೆಟ್ಟಿಗೆ ತಂಪಾಗಿದ್ದರೆ ಹಾವಿಗೆ ಜೀರ್ಣಶಕ್ತಿ ಇರುವುದಿಲ್ಲ. ಉಷ್ಣತೆಯನ್ನು ಅಳೆದು ಸರಿಪಡಿಸುವ ಮೊದಲು ಇಲಿಯನ್ನು ಕರಗಿಸಬಾರದು. ಅಡಗಲು ಎಡೆಯಿಲ್ಲದ, ಹೊಸ ಜಾಗಕ್ಕೆ ಬಂದ, ಪದೇಪದೇ ಎತ್ತಿ ಆಡಿಸಿದ ಹಾವು ಬೆದರಿ ಉಪವಾಸವಿರುತ್ತದೆ. ಬಾಲ್ ಪೈಥಾನ್ ಆರೋಗ್ಯವಾಗಿದ್ದೂ ತಿಂಗಳುಗಟ್ಟಲೆ ನಿರಾಹಾರವಾಗಿರಬಲ್ಲುದು. ಅಂತಹ ಕಾಲದಲ್ಲಿ ವಾರವಾರವೂ ಒಂದೊಂದು ಇಲಿಯನ್ನು ಕರಗಿಸಿ ಒಡ್ಡಿ, ತಿನ್ನಲಿಲ್ಲವೆಂದು ಎಸೆಯುವುದು ಅವಿವೇಕ. ತೂಕವನ್ನು ನೋಡುತ್ತ ಅಂತರವನ್ನು ಹೆಚ್ಚಿಸಬೇಕು; ತೂಕ ಇಳಿಯತೊಡಗಿದರೆ ವೈದ್ಯರಲ್ಲಿಗೆ ಒಯ್ಯಬೇಕು. ಬೆಳೆದ ಹಾವಿಗೆ ಅಗತ್ಯಕ್ಕಿಂತ ಹೆಚ್ಚು ತಿನ್ನಿಸುವುದು ಅದಕ್ಕೂ ಅಪಾಯ, ಇಲಿಗಳಿಗೂ ಅಪಾಯ. ತಿಂದ ಮೇಲೆ ಎರಡು ದಿನ ಅದನ್ನು ಮುಟ್ಟದಿದ್ದರೆ ಕಾರಿಕೊಳ್ಳುವ ಸಂಭವ ಕಡಿಮೆ. ಕಾರಿದ ಇಲಿಯೂ ವ್ಯರ್ಥವಾದ ಜೀವವೇ. ಪ್ರತಿಯೊಂದು ಇಲಿಯನ್ನೂ ದಿನಾಂಕದೊಡನೆ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಹವ್ಯಾಸಿಗಳು ಅದನ್ನು ಹಾವಿನ ಆರೋಗ್ಯಕ್ಕಾಗಿ ಮಾಡುತ್ತಾರೆ. ಶ್ರಾವಕನಿಗೆ ಅದೇ ಪ್ರತಿಕ್ರಮಣದ ಲೆಕ್ಕಪತ್ರವಾದೀತು.

ಇಷ್ಟಾದರೂ ಇಲಿ ಉಳಿದರೆ, ಅದನ್ನು ಎತ್ತುವ ಮತ್ತು ವಿಸರ್ಜಿಸುವ ಕ್ರಮವೂ ಯತ್ನದಿಂದ ಕೂಡಿರಬೇಕು. ಮುನಿಗಳ ಐದು ಸಮಿತಿಗಳಲ್ಲಿ ಎತ್ತುವುದು ಇಡುವುದಕ್ಕೆ ಆದಾನನಿಕ್ಷೇಪಣ ಸಮಿತಿಯೂ, ತ್ಯಾಜ್ಯವನ್ನು ನಿರ್ಜಂತುಕವಾದ ಎಡೆಯಲ್ಲಿ ಬಿಡುವುದಕ್ಕೆ ಉತ್ಸರ್ಗ ಸಮಿತಿಯೂ ಇವೆ. ಗೃಹಸ್ಥನು ಅಷ್ಟರಮಟ್ಟಿಗೆ ಪಾಲಿಸಲಾರನಾದರೂ ಅವುಗಳ ಆಶಯವನ್ನು ಇಲ್ಲಿಗೆ ತರಬಹುದು. ಬೆಳಗಾಗುವವರೆಗೂ ಕಾಯುತ್ತ ಕೂರದೆ, ಹಾವು ನಿರಾಕರಿಸಿತೆಂದು ಖಚಿತವಾದ ಕೂಡಲೇ ಅದಕ್ಕೆಂದೇ ಇರಿಸಿದ ಇಕ್ಕಳದಿಂದ ತೆಗೆಯಬೇಕು; ತಡವಾದಷ್ಟೂ ಅದರಲ್ಲಿ ಜೀವೋತ್ಪತ್ತಿ ಹೆಚ್ಚು. ತೆರೆದ ತೊಟ್ಟಿಗೆ ಎಸೆದರೆ ನೊಣ, ಇರುವೆ, ಹುಳುಗಳು ಮುತ್ತುತ್ತವೆ. ನಾಯಿ ಕಾಗೆಗಳು ಎಳೆದಾಡುತ್ತವೆ. ಮೇಲುಮೇಲೆ ಹೂತರೂ ಹಾಗೆಯೇ. ಚೀಲದಲ್ಲಿ ಭದ್ರವಾಗಿ ಕಟ್ಟಿ, ಸ್ಥಳೀಯ ನಿಯಮದಂತೆ, ಕಸ ಒಯ್ಯುವ ದಿನವೇ ಹೊರಗಿಡುವುದು ಕಡಿಮೆ ಹಾನಿಯ ದಾರಿ. ಮತ್ತೆ ಹೆಪ್ಪುಗಟ್ಟಿಸಿ ಉಳಿಸುವ ಜಿಪುಣತನವನ್ನು ಜೀವದಯೆಯೆಂದು ಭ್ರಮಿಸಬಾರದು. ಅದರಿಂದ ಹಾವು ರೋಗಕ್ಕೀಡಾದರೆ ಎರಡು ಜೀವಗಳಿಗೆ ಅಪಚಾರವಾದಂತೆ. ಪೆಟ್ಟಿಗೆಯನ್ನು, ಇಕ್ಕಳವನ್ನು, ಕೈಯನ್ನು ತೊಳೆದ ಮೇಲೆ, ಮಾರಲು ಹುಟ್ಟಿಸಲ್ಪಟ್ಟು ಯಾರಿಗೂ ಒದಗದೆ ಹೋದ ಆ ಜೀವಕ್ಕಾಗಿ ಒಂದು ಕ್ಷಣ ಮೌನವಾಗಿ ನಿಂತು ಕ್ಷಮೆ ಬೇಡುವುದನ್ನು ಮಕ್ಕಳಿಗೂ ಕಲಿಸಬೇಕು. ಆ ಮಕ್ಕಳು ಎರಡನೆಯ ಹಾವನ್ನು ಕೇಳಲಾರರು.

ಬಸದಿ ಮತ್ತು ಟ್ರಸ್ಟುಗಳ ಹೊಣೆ

ಭಾರತದಲ್ಲಿ ನಾಗರ, ಹೆಬ್ಬಾವು, ಕೇರೆಗಳಂತಹ ದೇಶದ ಹಾವುಗಳನ್ನು ಮನೆಯಲ್ಲಿಡುವುದನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಬಾಲ್ ಪೈಥಾನಿನಂತೆ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಜೀವಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕೆಂದು ೨೦೨೨ರ ತಿದ್ದುಪಡಿ ಮತ್ತು ೨೦೨೪ರ ನಿಯಮಗಳು ವಿಧಿಸಿವೆ. ಆದರೂ ಕಳ್ಳಸಾಗಣೆ ನಿಂತಿಲ್ಲ. ೨೦೨೪ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ೧೦ ಹಳದಿ ಅನಕೊಂಡಗಳು ಸಿಕ್ಕವು. ಇಂತಹ ಜೀವಿಗಳನ್ನು ಸಾಕಲಾರದವರು ದಯೆಯ ಹೆಸರಿನಲ್ಲಿ ಬಸದಿಗೋ ಗೋಶಾಲೆಗೋ ತಂದೊಪ್ಪಿಸಲು ಬಂದರೆ, ಟ್ರಸ್ಟಿನವರು ಸ್ವೀಕರಿಸದೆ ಅರಣ್ಯ ಇಲಾಖೆಗೆ ತಿಳಿಸುವುದು ಧರ್ಮಕ್ಕೂ ಕಾನೂನಿಗೂ ಒಪ್ಪುವ ನಡೆ.

ಗಾಯಗೊಂಡ ಹಾವಿನ ವಿಷಯ ಇದಕ್ಕಿಂತ ಕಠಿಣ. ಜೈನ ಸಮಾಜ ಈ ಕಠಿಣತೆಯನ್ನು ಹಿಂದೆಯೂ ಎದುರಿಸಿದೆ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಪಕ್ಷಿಗಳ ಆಸ್ಪತ್ರೆಯಲ್ಲಿ ಮಾಂಸಾಹಾರಿ ಪಕ್ಷಿಗಳನ್ನು ಇತರ ಪಕ್ಷಿಗಳ ಜೊತೆ ಒಳರೋಗಿಗಳಾಗಿ ಇರಿಸಿಕೊಳ್ಳದಿರುವ ಪದ್ಧತಿ ಪ್ರಸಿದ್ಧವಾದುದು. ಅದೇ ನಗರದಲ್ಲಿ ಗಾಯಗೊಂಡ ಹದ್ದುಗಳಿಗಾಗಿ ದುಡಿಯುವ ಸೋದರರಿಬ್ಬರ ಬದುಕನ್ನು ೨೦೨೨ರ ‘ಆಲ್ ದಟ್ ಬ್ರೀದ್ಸ್’ ಎಂಬ ಸಾಕ್ಷ್ಯಚಿತ್ರ ಲೋಕಕ್ಕೆ ತೋರಿಸಿತು. ಮಾಂಸ ಕೊಡಲಾರದ ಸಂಸ್ಥೆಯನ್ನು ಕಠೋರವೆಂದು ಜರೆಯುವುದು ಸುಲಭ. ಮಾಂಸ ಕೊಡುವವರನ್ನು ಹಿಂಸಕರೆಂದು ಜರೆಯುವುದೂ ಅಷ್ಟೇ ಸುಲಭ. ಎರಡೂ ಅಸಮರ್ಪಕ. ಗಾಯಕ್ಕೆ ಮದ್ದು ಹಚ್ಚಿ ಬಿಡುಗಡೆ ಮಾಡುವ ತಾತ್ಕಾಲಿಕ ಆಶ್ರಯಕ್ಕೂ, ಸಂತೋಷಕ್ಕಾಗಿ ಆಜೀವ ಬಂಧನದಲ್ಲಿಡುವುದಕ್ಕೂ ಅಜಗಜಾಂತರವಿದೆ. ಮೊದಲನೆಯದರಲ್ಲಿ ಉದ್ದೇಶವು ಬಿಡುಗಡೆ. ಚಿಕಿತ್ಸೆ, ಔಷಧ, ಶುಶ್ರೂಷೆಗಳಿಗೆ ಟ್ರಸ್ಟುಗಳು ಧನಸಹಾಯ ಮಾಡಲು ಅಡ್ಡಿಯಿರಬಾರದು. ಎರಡನೆಯದಕ್ಕೆ ಯಾವ ರೂಪದಲ್ಲಿಯೂ ಪ್ರೋತ್ಸಾಹ ಸಲ್ಲದು. ಪಾಠಶಾಲೆಗಳ ಮಕ್ಕಳಿಗೆ ಪ್ರಾಣಿಪ್ರೀತಿ ಬೆಳೆಸುವ ನೆಪದಲ್ಲಿ ಹಾವುಗಳ ಪ್ರದರ್ಶನ ಏರ್ಪಡಿಸುವುದನ್ನೂ ಕೈಬಿಡಬೇಕು.

ಹಾವಿನ ಮೇಲಿನ ಪ್ರೀತಿಗೆ ಜೈನರಲ್ಲಿ ಕೊರತೆಯಿಲ್ಲ. ಪಾರ್ಶ್ವಕುಮಾರನ ಕಥೆಯನ್ನು ಕೇಳದೆ ಬೆಳೆದ ಜೈನ ಮಗುವಿಲ್ಲ. ತಾಪಸನು ಪಂಚಾಗ್ನಿಗೆಂದು ಒದಗಿಸಿಕೊಂಡ ಕಟ್ಟಿಗೆಯೊಳಗೆ ನಾಗಯುಗಲವಿದೆಯೆಂಬುದು ತಾಪಸನಿಗೆ ಕಾಣಲಿಲ್ಲ, ಕುಮಾರನಿಗೆ ಕಂಡಿತು. ತಾಪಸನು ಕೇಡಿಗನಾಗಿರಬೇಕಿರಲಿಲ್ಲ; ಅವನ ಕಣ್ಣಿಗೆ ಅದು ಬರಿಯ ಕಟ್ಟಿಗೆಯಾಗಿತ್ತು, ಅಷ್ಟೇ. ಇಂದು ಫ್ರೀಜರಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದವನಿಗೂ ಅದು ಬರಿಯ ಪೊಟ್ಟಣ. ಅದರೊಳಗೆ ಏನಿತ್ತೆಂಬುದನ್ನು ಕಾಣುವುದೇ ಸಮ್ಯಗ್ದೃಷ್ಟಿಯ ಮೊದಲ ಕೆಲಸ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನ ಕಾಲ ಬುಡದಲ್ಲಿ ಹುತ್ತಗಳಿವೆ, ಹುತ್ತಗಳಿಂದ ಹಾವುಗಳು ಹೊರಬರುತ್ತಿವೆ. ಅವನ್ನು ಅಲ್ಲಿ ಯಾರೂ ಕಟ್ಟಿಹಾಕಿಲ್ಲ. ಅವುಗಳಿಗೆ ಯಾರೂ ಇಲಿಯನ್ನು ಒಡ್ಡಿಲ್ಲ. ಹಾವಿನೊಡನೆ ಬಾಳಬೇಕೆಂಬ ಆಸೆಯುಳ್ಳ ಕುಟುಂಬಗಳು ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಆ ಶಿಲ್ಪವನ್ನು ತೋರಿಸಲಿ. ಹೊಲದ ಬದುವಿನಲ್ಲಿ ಹರಿದುಹೋಗುವ ಕೇರೆಗೆ ದಾರಿಬಿಟ್ಟು ನಿಲ್ಲುವುದನ್ನು ಕಲಿಸಲಿ.